ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ

ನಮ್ಮೂರು ಬುಕ್ಕಸಾಗರ ದಾಟಿ ಕಂಪ್ಲಿ ಕಡೆಗೆ ಹೋಗುವ ದಾರಿಯಲ್ಲಿದೆ. ಹಂಪಿ ನೋಡಲು ಬಂದವರು ಅಪ್ಪಿತಪ್ಪಿಯೂ ಇಲ್ಲಿಯವರೆಗೆ ಬರುವುದಿಲ್ಲ. ಹೀಗಿರುವಾಗ ಹೋದ ವರ್ಷ ಪಂಚಾಯ್ತಿಯವರು ಡಂಗುರ ಹೊಡೆಸಿದರು. ಊರಿನ ಪಾರಂಪರಿಕ ಆಸ್ತಿ ಉಳಿಸುವ ಯೋಜನೆಯಂತೆ, ಅದನ್ನು ಊರವರೇ ಕೂತು ಮಾಡಬೇಕಂತೆ, ಆಫೀಸಿನವರು ನಾವು ಹೇಳಿದ್ದನ್ನು ಬರೆದುಕೊಳ್ಳುತ್ತಾರಷ್ಟೇ ಅಂತೆ. ನನಗೆ ನಗು ಬಂತು. ನಮ್ಮನ್ನು ಕೇಳಿ ಯಾರಾದರೂ ಏನಾದರೂ ಮಾಡಿದ್ದುಂಟೇ? ನಾನು ಗಂಗೋತ್ರಿ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಊರಿನ ಸಂಗತಿಗಳೆಲ್ಲ ಮೊದಲು ನನ್ನ ಅಡುಗೆಮನೆಗೆ ಬಂದು ಆಮೇಲೆ ಪಂಚಾಯ್ತಿಗೆ ಹೋಗುತ್ತವೆ. ಈ ಸಂಗತಿ ಮಾತ್ರ ಪಂಚಾಯ್ತಿಯಿಂದ ಬಂದು ಪಕ್ಕದ ಮನೆಯ ಭೀಮವ್ವನ ಕೊರಳಿಗೆ ಸುತ್ತಿಕೊಂಡಿತು.

ಸಭೆಗೆ ಹನುಮಪ್ಪನ ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ದೇವಿಯ ಫೋಟೋಕ್ಕೆ ಹೂವೇರಿಸಿ, ಕಾಯಿ ಒಡೆದು, ಊದುಬತ್ತಿ ಹಚ್ಚಿದರು. ನಮ್ಮ ಕೇರಿಯವರಿಗೂ ಅದೇ ಜಮಖಾನೆ ಹಾಸಿದ್ದರು. ಎಷ್ಟೋ ಜನಕ್ಕೆ ಅದು ನಂಬಿಕೆಯಾಗದೆ, ಕಾಲು ಒಳಗೆಳೆದುಕೊಂಡು ಅಂಚಿನಲ್ಲೇ ಕೂತರು. ನಕ್ಷೆ ತಂದಿದ್ದವಳು ಪಲ್ಲವಿ ಎಂಬ ಹುಡುಗಿ. ಕಂಪ್ಲಿಯ ಬೌದ್ಧರ ಮನೆಯವಳು, ಓದಿ ಹೊಸಪೇಟೆಯಲ್ಲಿ ಇಂಥ ಯೋಜನೆಗಳಿಗೆ ನಕ್ಷೆ ಮಾಡಿಕೊಡುವ ಕೆಲಸದಲ್ಲಿದ್ದಳು. ಉಳಿಯಬೇಕಾದ್ದು ಏನೇನಿದೆ ಹೇಳಿ, ಕಲ್ಲೇ ಆಗಬೇಕು ಅಂತೇನಿಲ್ಲ ಅಂದಳು. ಊರವರು ಮೆಟ್ಟಿಲ ಬಾವಿ, ಅರ್ಧ ಬಿದ್ದ ಮಂಟಪ, ಹಳೇ ಕಾಲುವೆಯ ತೂಬು ಹೇಳಿದರು. ನಮ್ಮವರು ನಾಚಿಕೊಂಡು ದುರುಗಮ್ಮನ ಕಟ್ಟೆ ಅಂದರು. ಹಿಂದಿನಿಂದ ಒಬ್ಬರು ಹಲಗೆ ಅಂದರು. ಹುಡುಗಿ ಹಲಗೆಯನ್ನೂ ಬರೆದುಕೊಂಡಳು. ಸತ್ತವರ ಮನೆಗೆ, ದೇವರ ಮೆರವಣಿಗೆಗೆ ಕರೆದು ಬಾರಿಸಿಕೊಂಡು ಆಮೇಲೆ ದೂರ ನಿಲ್ಲಿಸುವ ಹಲಗೆ ಊರಿನ ಆಸ್ತಿಯಾಗಿದ್ದು ಕಂಡು ಕೇರಿಯ ಮುಖಗಳು ಅರಳಿದವು. ನನ್ನ ಮುಖವೂ ಅರಳಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವಳು ಪೆನ್ನನ್ನು ಕಾಲುವೆಯ ಆಚೆ ಇಟ್ಟು, ಇಲ್ಲಿ ಏನಿದೆ ಅಂದಳು.

ಯಾರೂ ಬಾಯಿ ಬಿಡಲಿಲ್ಲ. ಅದು ನಮ್ಮ ಕೇರಿಯವರು ಸತ್ತವರನ್ನು ಮಣ್ಣು ಮಾಡುವ ಜಾಗ. ಕಾಯಿ ಒಡೆದ ಕಡೆ, ದೇವರ ಫೋಟೋದ ಎದುರು, ಅದರ ಹೆಸರು ಎತ್ತುವಂತಿಲ್ಲ. ಎತ್ತಿದವರ ಮನೆಗೇ ಅದು ಬಂದು ಕೂರುತ್ತದೆ ಅನ್ನುತ್ತಾರೆ. ಬೆರಳು ಮಾಡಿ ತೋರಿಸುವುದಂತೂ ಇಲ್ಲವೇ ಇಲ್ಲ. ಹೇಳಲೇಬೇಕಾದರೆ ಗದ್ದ ಎತ್ತಿ ‘ಆ ಕಡೆ’ ಅನ್ನುತ್ತೇವೆ. ಪಲ್ಲವಿ ಇನ್ನೊಮ್ಮೆ ಕೇಳಿದಳು. ನಮ್ಮ ಹಿರಿಯರು ಜಮಖಾನೆಯ ಬಣ್ಣ ನೋಡುತ್ತ ಕೂತರು. ಪಂಚಾಯ್ತಿ ಮೆಂಬರು ತೋಟಪ್ಪನವರು ಅಲ್ಲೇನಿಲ್ಲ, ಬರೇ ಜಾಲಿ ಅಂದರು. ಅವರ ಹೊಲದ ದಾರಿ ಆ ಜಾಗದ ಮಗ್ಗುಲಲ್ಲೇ ಇದೆ, ಅವರಿಗೆ ಗೊತ್ತಿಲ್ಲದ್ದೇನಲ್ಲ. ಆ ಹೆಸರು ಎತ್ತುವುದು ತಪ್ಪಿತಲ್ಲ ಎಂಬ ಸಮಾಧಾನದಲ್ಲಿ ನಮ್ಮವರೂ ತಲೆಯಾಡಿಸಿದರು. ಹುಡುಗಿ ಆ ಜಾಗವನ್ನು ಖಾಲಿ ಬಿಟ್ಟಳು.

ಭೀಮವ್ವನ ಮಗ ಮಾರುತೇಶ ಅಲ್ಲಿದ್ದಾನೆ. ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುತ್ತಿದ್ದ ಹುಡುಗ. ಕರೋನಾ ಎರಡನೇ ಸಲ ಬಂದ ಬೇಸಿಗೆಯಲ್ಲಿ ಜ್ವರ ಹೊತ್ತುಕೊಂಡು ಮನೆಗೆ ಬಂದು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟ. ಹೆಣ ಹೊರಲು ಯಾರೂ ಬರಲಿಲ್ಲ. ಇಡೀ ಕೇರಿ ಬಾಗಿಲು ಹಾಕಿಕೊಂಡಿತ್ತು. ಕುಣಿ ತೋಡುವ ಸುಂಕಪ್ಪ ಒಬ್ಬನೇ ಮೂಗಿಗೆ ವಲ್ಲಿ ಕಟ್ಟಿಕೊಂಡು ಬಂದು, ಅವನನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋದ. ನಮ್ಮಲ್ಲಿ ಹೆಂಗಸರು ಕಾಲುವೆ ದಾಟುವಂತಿಲ್ಲ. ಭೀಮವ್ವ ಕಾಲುವೆಯ ಈಚೆ ನಿಂತು ಗಾಡಿ ಜಾಲಿಯೊಳಗೆ ಮರೆಯಾಗುವುದನ್ನು ನೋಡಿದಳು. ಸುಂಕಪ್ಪ ತಿರುಗಿ ಬಂದು ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡಾಗ ಎಲ್ಲಿ ಮಲಗಿಸಿದೆ ಅಂತ ಕೇಳಿದಳು. ಅವನು ಗದ್ದ ಎತ್ತಿ, ಆ ಬೇವಿನ ಗಿಡದ ಬುಡಕ್ಕೆ ಅಂದ.

ಕಲ್ಲು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಹಿಂದೆ ಇತ್ತಂತೆ. ನಿಲ್ಲಿಸಿದ ಕಲ್ಲುಗಳೆಲ್ಲ ದೊಡ್ಡವರ ಹೊಲದ ಬದುವಿಗೆ ಹೋದ ಮೇಲೆ ನಮ್ಮ ಅಜ್ಜಂದಿರು ಆ ಉಸಾಬರಿಯೇ ಬೇಡವೆಂದು ಬಿಟ್ಟರಂತೆ. ಹಂಪಿಯ ಸುತ್ತ ಬಿದ್ದ ಕಲ್ಲಿಗೂ ನಂಬರು ಬರೆದಿದ್ದಾರೆ, ನಮ್ಮ ಸತ್ತವರಿಗೆ ಒಂದು ಗುಂಡುಕಲ್ಲೂ ಇಲ್ಲ.

ಆ ಮಳೆಗಾಲ ಕಳೆದ ಮೇಲೆ ಭೀಮವ್ವ ಪದ್ಧತಿ ಮುರಿದು ಕಾಲುವೆ ದಾಟಿದಳು. ಬೈದವರು ಬೈದರು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಅಂತ ಅವಳು ಹೋಗುತ್ತಲೇ ಇದ್ದಳು. ದೊಡ್ಡ ಬೇವಿನ ಬುಡದಲ್ಲಿ ಕೂತು ಮಗನ ಜೊತೆ ಮಾತಾಡಿ ಬರುತ್ತಿದ್ದಳು. ಮೇಕೆ ಮರಿ ಹಾಕಿದ್ದು, ನಾನು ಸಾರಿಗೆ ಉಪ್ಪು ಮರೆತು ಹೆಡ್‌ಮಾಸ್ಟರ ಹತ್ತಿರ ಬೈಸಿಕೊಂಡಿದ್ದು, ಎಲ್ಲ ಅವನಿಗೆ ವರದಿ. ಒಮ್ಮೆ ನನ್ನೆದುರೇ ಹೇಳಿದಳು, ನಾನು ಹೋದರೆ ನನ್ನನ್ನು ಅವನ ಮಗ್ಗುಲಿಗೇ ಹಾಕಬೇಕು, ಆಕಡೆ ಈಕಡೆ ಹಾಕೀರಿ ಮತ್ತೆ ಅಂತ. ಬೇರೆ ಯಾವ ಆಸೆಯೂ ಅವಳಿಗೆ ಉಳಿದಿರಲಿಲ್ಲ. ಸುಂಕಪ್ಪನೂ ಮಾರನೇ ವರ್ಷ ತೀರಿಕೊಂಡು ಅದೇ ಜಾಲಿಯೊಳಗೆ ಸೇರಿದ.

ಸಭೆಯಾಗಿ ಸ್ವಲ್ಪ ದಿನಕ್ಕೆ ಪಂಚಾಯ್ತಿಯ ಗೋಡೆಗೆ ಯೋಜನೆಯ ಫ್ಲೆಕ್ಸ್ ಬಂತು. ಬಾವಿಗೆ ಕೆಂಪು, ಕಾಲುವೆಗೆ ನೀಲಿ. ದುರುಗಮ್ಮನ ಕಟ್ಟೆಯ ಪಕ್ಕ ಹಲಗೆಯ ಚಿತ್ರ. ಕೇರಿಯ ಮಕ್ಕಳು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಕಾಲುವೆಯ ಆಚೆ ಒಂದು ಬಸ್ಸಿನ ಚಿತ್ರವಿತ್ತು. ಬಾವಿ ನೋಡಲು ಬರುವವರ ಬಸ್ಸು, ಕಾರು ನಿಲ್ಲಿಸಲು ಜಾಗ. ಜಾಲಿ ಕಿತ್ತು, ನೆಲ ಆಳುದ್ದ ಅಗೆದು, ಗರಸು ಹಾಕಿ ರೋಲರ್ ಹೊಡೆಯುತ್ತಾರಂತೆ.

ಭೀಮವ್ವ ಫ್ಲೆಕ್ಸ್ ಮುಂದೆ ಬಹಳ ಹೊತ್ತು ನಿಂತಿದ್ದಳು. ಓದು ಬಾರದವಳಿಗೂ ಬಸ್ಸಿನ ಚಿತ್ರ ತಿಳಿಯುತ್ತದೆ.

ಕೇರಿಯ ಗಂಡಸರು ತೋಟಪ್ಪನವರ ಹತ್ತಿರ ಹೋದರು. ಅವರು ನಕ್ಕು, ನೀವೇ ತಲೆ ಆಡಿಸಿದ್ದಿರಲ್ಲ ಅಂದರು. ತಕರಾರು ಇದ್ದರೆ ಅರ್ಜಿ ಕೊಡಿ, ಮುಂದಿನ ಸಭೆಯಲ್ಲಿ ಕೇಳುತ್ತಾರೆ ಅಂದರು. ಅರ್ಜಿ ಬರೆಯಲು ಕೂತವರಿಗೂ ಆ ಹೆಸರು ಬರೆಯಲು ಕೈ ಬರಲಿಲ್ಲ. ಅದು ಕೇರಿಗೆ ಬೇಕಾದ ಜಾಗ, ನಮ್ಮ ಹಿರಿಯರ ಕಾಲದಿಂದ ಬಂದದ್ದು, ಅಂತ ಸುತ್ತಿ ಬಳಸಿ ಬರೆದರು. ಆಫೀಸಿನಿಂದ ಒಬ್ಬರು ಬಂದು ನೋಡಿ, ಮನೆ ಇಲ್ಲ, ಬೆಳೆ ಇಲ್ಲ, ಯಾವ ಬಳಕೆಯೂ ಕಾಣುವುದಿಲ್ಲ ಅಂತ ಬರೆದುಕೊಂಡು ಹೋದರು. ಈಗಲಾದರೂ ಬಾಯಿ ಬಿಟ್ಟು ಹೇಳಿ ಅಂತ ನಾನು ಕೂಗಾಡಿದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಒಬ್ಬನ ಹೆಂಡತಿ ಬಸುರಿ. ಇನ್ನೊಬ್ಬನ ಮಗಳಿಗೆ ಗಂಡು ಗೊತ್ತಾಗಿದೆ. ಮತ್ತೊಬ್ಬನ ಅಪ್ಪ ಹಾಸಿಗೆ ಹಿಡಿದಿದ್ದಾನೆ. ನನಗೂ ಮಗನಿದ್ದಾನೆ, ಹೊಸಪೇಟೆಯ ಕಾಲೇಜಿಗೆ ದಿನಾ ಮೋಟರ್‌ ಸೈಕಲ್ಲಿನಲ್ಲಿ ಹೋಗಿ ಬರುತ್ತಾನೆ. ಅವನ ನೆನಪಾಗಿ ನನ್ನ ಕೂಗಾಟವೂ ನಿಂತಿತು.

ಎರಡನೇ ಸಭೆಗೂ ಕಾಯಿ ಒಡೆದರು, ಅದೇ ಫೋಟೋ, ಅದೇ ಜಮಖಾನೆ. ಈ ಸಲ ಪಲ್ಲವಿಯ ಜೊತೆ ದೊಡ್ಡ ಸಾಹೇಬರೊಬ್ಬರು ಬಂದಿದ್ದರು. ತಕರಾರು ಇದ್ದವರು ಹೇಳಿ ಅಂದಾಗ ಭೀಮವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಬಲಗೈ ನೀಟಾಗಿ ಚಾಚಿ, ತೋರುಬೆರಳು ಮಾಡಿ ಕಾಲುವೆಯ ಆಚೆ ತೋರಿಸಿದಳು.

“ಅದು ಸುಡುಗಾಡ್ರಿ ಸಾಹೇಬ್ರ. ನಮ್ಮ ಕೇರಿಯಾರನ್ನ ಅಲ್ಲೇ ಮಣ್ಣು ಮಾಡೋದು. ನನ್ನ ಮಗಾ ಅಲ್ಲಿ ಅದಾನ.”

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪೂಜಾರಿ ಎದ್ದು ಗುಡಿಯೊಳಗೆ ಹೋಗಿಬಿಟ್ಟ.  ಪಲ್ಲವಿ ಮೊದಲು ನಕ್ಷೆಯನ್ನು, ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಯಾಕೆ ಹೇಳಲಿಲ್ಲ ಅಂತ ಕೇಳುತ್ತಾಳೆ ಅಂದುಕೊಂಡೆ, ಕೇಳಲಿಲ್ಲ.

ಸಾಹೇಬರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾದರೆ ಜಗಳವಾದರೂ ಆಡಬಹುದು. ಅವರು ಮೆತ್ತಗೆ ವಿವರಿಸಿದರು. ಪಹಣಿಯಲ್ಲಿ ಸರ್ಕಾರಿ ಖರಾಬು ಅಂತಿದೆ. ಕಲ್ಲಿಲ್ಲ, ಗೋರಿಯಿಲ್ಲ. ಹೋದ ಸಭೆಯಲ್ಲಿ ಏನೂ ಇಲ್ಲವೆಂದು ಊರೇ ಒಪ್ಪಿದೆ. ಬಾಯಿಮಾತಿನ ಮೇಲೆ ಯೋಜನೆ ತಿದ್ದಲು ಬರುವುದಿಲ್ಲ, ಕಣ್ಣಿಗೆ ಕಾಣುವಂಥ ಗುರುತು ಬೇಕು. ಗುರುತು ಭೂಮಿಯೊಳಗಿದೆ ಅಂದಳು ಭೀಮವ್ವ. ಅಗೆದು ತೋರಿಸಿದರೆ ಬರೆದುಕೊಳ್ಳುತ್ತೀರಾ ಅಂದಳು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ಅಗೀರಿ ಅಂತ ನಾ ಹೇಳಂಗಿಲ್ಲ, ಅಮ್ಮಾ. ಯಾರ ಹೆಣ, ಯಾರ ಸಂಬಂಧಿಕರು ಅಂತ ಮಹಜರಿನಾಗ ಬರೀಬೇಕಾಗತೈತಿ. ಗುರ್ತಿಲ್ಲದ ಹೆಣ ಸಿಕ್ಕರ ಅದು ಪೊಲೀಸ್ ಕೇಸು. ಆಗ ನನ್ನ ಕೈಯಾಗ ಏನೂ ಇರಂಗಿಲ್ಲ.”

ಆ ಸಂಜೆ ಕೇರಿಯಲ್ಲಿ ಯಾರ ಕುಣಿ ತೆರೆಯಬೇಕು ಅನ್ನುವ ಮಾತು ಬಂತು. ಬಂದ ಕೂಡಲೇ ಗಂಡಸರು ಒಬ್ಬೊಬ್ಬರಾಗಿ ಎದ್ದು ಹೋದರು. ರೇಣುಕಮ್ಮನ ಮಗಳು ಹೆರಿಗೆಯಲ್ಲಿ ತೀರಿಕೊಂಡು ಐದಾರು ವರ್ಷವಾಗಿತ್ತು. ರೇಣುಕಮ್ಮ ತನ್ನ ಮಗಳನ್ನು ಮುಟ್ಟಬೇಡಿ ಅಂತ ಅತ್ತಳು. ಇನ್ನುಳಿದವರಿಗೆ ತಮ್ಮವರು ಎಲ್ಲಿದ್ದಾರೆಂದು ನಿಖರವಾಗಿ ಗೊತ್ತೂ ಇರಲಿಲ್ಲ. ನಿಖರವಾಗಿ ಗೊತ್ತಿದ್ದವಳು ಭೀಮವ್ವ ಒಬ್ಬಳೇ. ಅವಳು ಯಾರನ್ನೂ ಕೇಳಲಿಲ್ಲ, ಸುಂಕಪ್ಪನ ಮಗ ಹುಲುಗೇಶನಿಗೆ ಫೋನು ಮಾಡಿಸಿದಳು. ಅವನು ಸಂಡೂರಿನ ಗಣಿಯಲ್ಲಿ ರಜೆ ಹಾಕಿ ಬಂದ. ಬಂದವನು ಅವಳೆದುರು ಕುಕ್ಕರಗಾಲಲ್ಲಿ ಕೂತು, ಬೇಡವೆಂದು ಗೋಗರೆದ. ಮಲಗಿದವನನ್ನು ಎಬ್ಬಿಸಿದರೆ ಅಪ್ಪ ನನ್ನ ಕನಸಿನಲ್ಲಿ ಬಂದು ಒದೆಯುತ್ತಾನೆ ಅಂದ.

“ಬಸ್ಸು ನಿಲ್ಲಿಸಾಕ ಬಂದಾರು ಎಬ್ಬಿಸಂಗಿಲ್ಲೇನು?” ಅಂದಳು ಭೀಮವ್ವ. “ನಾ ಎಬ್ಬಿಸಿದ್ರ ಮತ್ತ ಮಲಗಸ್ತೀನಿ.”

ಅಗೆಯುವ ದಿನ ಬೆಳಿಗ್ಗೆ ನಾನೂ ಕಾಲುವೆ ದಾಟಿದೆ. ಭೀಮವ್ವನನ್ನು ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ. ಉಳಿದ ಹೆಂಗಸರು ಈಚೆಯೇ ನಿಂತರು. ಭೀಮವ್ವ ಹೇಳಿಕಳಿಸಿದ್ದರಿಂದ ಮಹಜರಿಗೆ ಬಂದ ಸಾಹೇಬರು, ತೋಟಪ್ಪನವರು, ಊರಿನ ಒಂದಿಷ್ಟು ಜನ ಮೂಗಿಗೆ ಕರ್ಚೀಫು ಹಿಡಿದು ದೂರದ ದಾರಿಯಲ್ಲಿ ನಿಂತಿದ್ದರು. ಬರೆಯುವ ಹಾಳೆ ಹಿಡಿದುಕೊಂಡು ಪಲ್ಲವಿ ಮಾತ್ರ ನಮ್ಮ ಪಕ್ಕಕ್ಕೆ ಬಂದಳು. ಹುಲುಗೇಶ ಭೂಮಿಗೆ ನಿಂಬೆಹಣ್ಣು ಹಿಂಡಿ ಗುದ್ದಲಿ ಎತ್ತಿದ. ಮಣ್ಣು ಗಟ್ಟಿಯಿತ್ತು. ಜಾಲಿಯ ಬೇರು ಕಡಿದು ಕಡಿದು ಅವನ ಅಂಗಿ ತೊಯ್ದು ಹೋಯಿತು. ಭೀಮವ್ವ ಅಂಚಿನಲ್ಲಿ ಕೂತು, ಮೆಲ್ಲಗೆ, ಮೆಲ್ಲಗೆ ಅನ್ನುತ್ತಿದ್ದಳು. ಸೊಂಟಕ್ಕೆ ಬೆಳ್ಳಿ ಉಡದಾರ ಕಟ್ಟಿ ಕಳಿಸಿದ್ದೆ, ಅದು ಕಂಡರೆ ಅಲ್ಲಿಗೇ ನಿಲ್ಲಿಸು, ಮುಖ ತೆರೆಯಬೇಡ ಅಂತ ಹೇಳಿದ್ದಳು.

ಎದೆಮಟ್ಟ ಇಳಿದ ಮೇಲೆ ಹುಲುಗೇಶ ಗುದ್ದಲಿ ಮೇಲೆ ಕೊಟ್ಟು ಕೈಯಿಂದ ಮಣ್ಣು ಸರಿಸತೊಡಗಿದ. ಮೊದಲು ಬಟ್ಟೆಯ ಚೂರು ಸಿಕ್ಕಿತು. ಆಮೇಲೆ ತೋಳಿನ ಎಲುಬು. ಆ ಎಲುಬಿನ ಸುತ್ತ ಹಸಿರು ಗಾಜಿನ ಬಳೆಗಳಿದ್ದವು, ಒಂದೂ ಒಡೆದಿರಲಿಲ್ಲ. ಮುತ್ತೈದೆಯಾಗಿ ಹೋದವಳಿಗೆ ಕೈತುಂಬ ತೊಡಿಸಿ ಕಳಿಸುವ ಬಳೆಗಳು.

ಹುಲುಗೇಶ ತಲೆಯೆತ್ತಿ ಭೀಮವ್ವನನ್ನು ನೋಡಿದ. ನಾನು ಅವಳ ತೋಳು ಹಿಡಿದಿದ್ದೆ, ಅದು ಕಟ್ಟಿಗೆಯಾಯಿತು. ನಾಲ್ಕು ವರ್ಷ ಆ ತಾಯಿ ಮೇಕೆಯ ಮಾತು, ಮಳೆಯ ಮಾತು, ಎದೆಯೊಳಗಿನ ಮಾತೆಲ್ಲ ಹೇಳಿಕೊಂಡದ್ದು ಯಾರೋ ಹೆಣ್ಣುಮಗಳಿಗೆ. ನಾನು ಸುತ್ತ ನೋಡಿದೆ. ಜಾಲಿಯ ನಡುವೆ ಅಲ್ಲೊಂದು ಬೇವು, ಇಲ್ಲೊಂದು ಬೇವು, ತೋಟಪ್ಪನವರ ಬದುವಿನ ಕಡೆ ಕಡಿದು ಹಾಕಿದ ಇನ್ನೊಂದರ ಬೊಡ್ಡೆ. ಕಾಲುವೆಯ ಈಚೆ ನಿಂತು ಸುಂಕಪ್ಪ ಗದ್ದ ಎತ್ತಿದ್ದು ಯಾವುದರ ಕಡೆಗೋ ಏನೋ. ಬೆರಳು ಮಾಡಿ ತೋರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸತ್ತವನ ಮೇಲೆ ನನಗೆ ಆ ಹೊತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಬೇಸಿಗೆ ನಮ್ಮ ಮನೆಗಳ ಗಂಡಸರು ನಾಲ್ಕು ಜನ ಹೆಗಲು ಕೊಟ್ಟಿದ್ದರೂ ಸಾಕಿತ್ತು, ಜಾಗ ಗೊತ್ತಿರುತ್ತಿತ್ತು.

ದಾರಿಯಿಂದ ಸಾಹೇಬರು ಕೂಗಿ ಕೇಳಿದರು, ಸಿಕ್ಕಿತೇ ಅಂತ. ಇದು ನಿಮ್ಮ ಮಗನದ್ದೇ ಹೌದೇ ಅಂತ.

ಅಲ್ಲ ಅಂದರೆ ಅದು ಗುರುತಿಲ್ಲದ ಹೆಣ, ಪೊಲೀಸರು, ಕೇಸು, ಅದು ಮುಗಿಯುವಷ್ಟರಲ್ಲಿ ರೋಲರ್. ಭೀಮವ್ವ ಕುಣಿಯನ್ನೇ ನೋಡುತ್ತಿದ್ದಳು. ಮಗನಿಲ್ಲದ ಕುಣಿಯ ಅಂಚಿನಲ್ಲಿ ಕೂತು ಅವಳು ಅಳಲಿಲ್ಲ, ಅಳಲು ಬರುವಂತಿರಲಿಲ್ಲ. ಅತ್ತರೆ ದೂರದವರು ಹತ್ತಿರ ಬರುತ್ತಿದ್ದರು. ಅವಳು ಸೆರಗನ್ನು ಕೈಯಲ್ಲಿ ಮುದ್ದೆ ಮಾಡಿ ಹಿಡಿದು, ದನಿ ಎತ್ತಿದಳು.

“ಹೌದ್ರಿ. ಇವನ ನನ್ನ ಮಗಾ. ಮಾರುತೇಶ.”

ಪಲ್ಲವಿ ಬಳೆಗಳನ್ನು ನೋಡಿದ್ದಳು. ಅವಳ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಓದಿದವಳು, ಕಾನೂನು ಗೊತ್ತಿದ್ದವಳು, ಈಗೇನು ಮಾಡುತ್ತಾಳೋ ಎಂದು ಅವಳನ್ನೇ ನೋಡಿದೆ. ಅವಳು ಬಗ್ಗಿ ಹೆಸರು ಬರೆದಳು, ಮೃತನ ತಾಯಿ ಗುರುತಿಸಿದ್ದಾರೆ ಅಂತ ಬರೆದಳು, ತಾನೇ ದಾರಿಯವರೆಗೆ ನಡೆದು ಹೋಗಿ ಸಾಹೇಬರಿಂದ, ತೋಟಪ್ಪನವರಿಂದ ಸಹಿ ಹಾಕಿಸಿಕೊಂಡಳು. ಯಾರೂ ಕುಣಿಯ ಹತ್ತಿರ ಬರಲಿಲ್ಲ. ನಮ್ಮ ಹೆಣವೆಂದರೆ ಊರವರು ದೂರವೇ ನಿಲ್ಲುತ್ತಾರೆ, ಆ ದಿನ ಅದೊಂದು ಉಪಕಾರವಾಯಿತು.

ಹುಲುಗೇಶ ಮಣ್ಣು ಎಳೆಯತೊಡಗಿದಾಗ ಭೀಮವ್ವ ತಡೆದಳು. ತನ್ನ ಹಣೆಯಲ್ಲಿ ಇಲ್ಲದ ಕುಂಕುಮವನ್ನು ನನ್ನ ಹಣೆಯಿಂದ ಬೆರಳಲ್ಲಿ ತೆಗೆದುಕೊಂಡು ಕುಣಿಯೊಳಗೆ ಉದುರಿಸಿದಳು. ಹೆಣ್ಣುಮಗಳು, ಬಳೆ ಒಡೆಯದ ಹಾಗೆ ಮುಚ್ಚು ಅಂದಳು. ಅವನು ಕೈಯಿಂದಲೇ ಮುಚ್ಚಿದ.

ಮುಚ್ಚಿದ ಮೇಲೆ ಪಲ್ಲವಿ ಅವಳ ಪಕ್ಕ ಕೂತು, ಇನ್ನೊಂದು ಗಿಡದ ಬುಡ ನೋಡೋಣವೇ, ನಾನು ಯಾರಿಗೂ ಹೇಳುವುದಿಲ್ಲ, ಹುಲುಗೇಶ ಇದ್ದಾನೆ ಅಂದಳು.

“ಬ್ಯಾಡ ತಂಗಿ,” ಅಂದಳು ಭೀಮವ್ವ. “ನನ್ನ ಒಬ್ಬನ ಸಲುವಾಗಿ ಎಷ್ಟು ಮಂದೀನ ಎಬ್ಬಿಸ್ಲಿ?”

ಸಂಜೆ ರೇಣುಕಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಳು. ಕೇರಿ ಉಳಿಸಿದೆ ತಾಯಿ ಅಂತ ಭೀಮವ್ವನ ಕಾಲು ಮುಟ್ಟಿದಳು. ನೀನಾದರೂ ಮಗನನ್ನು ಇನ್ನೊಮ್ಮೆ ಕಣ್ಣಿಂದ ಕಂಡೆ, ನನ್ನ ಮಗಳು ಎಲ್ಲಿದ್ದಾಳೋ ಅಂದಳು.  ಹಸಿರು ಬಳೆ ಅವಳ ಮಗಳದ್ದೇ ಅಂತ ಹೇಳಲು ಆಧಾರವಿಲ್ಲ, ಮುತ್ತೈದೆಯರಾಗಿ ಹೋದವರು ಕೇರಿಯಲ್ಲಿ ಬೇರೆಯವರೂ ಇದ್ದಾರೆ. ಅಲ್ಲ ಅನ್ನಲೂ ಆಧಾರವಿಲ್ಲ. ಭೀಮವ್ವ ಅವಳ ಬೆನ್ನು ಸವರಿ, ಚೆನ್ನಾಗಿದ್ದಾಳೆ ಬಿಡು, ಎಲ್ಲರೂ ಅಲ್ಲಿ ಚೆನ್ನಾಗಿ ಮಲಗಿದ್ದಾರೆ ಅಂದಳು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು.

ಬಸ್ಸಿನ ಚಿತ್ರ ಬಾವಿಯ ಆಚೆ ಬದಿಗೆ ಹೋಯಿತು. ಹೊಸ ಫ್ಲೆಕ್ಸಿನಲ್ಲಿ ಜಾಲಿಯ ಜಾಗಕ್ಕೆ ಗೆರೆ ಹಾಕಿ, ಕೇರಿಯ ಸ್ಮಶಾನ, ಉಳಿಸಿಕೊಳ್ಳತಕ್ಕದ್ದು ಅಂತ ಬರೆದರು. ಗಂಡಸರು ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದರು. ಸಭೆಯಲ್ಲಿ ಜಮಖಾನೆ ನೋಡುತ್ತ ಕೂತವರೇ ಈಗ ಚಹಾದಂಗಡಿಯಲ್ಲಿ ಹೇಗೆ ಹೋರಾಡಿದೆವು ಅಂತ ಹೇಳುತ್ತಾರೆ. ಹೇಳಿಕೊಳ್ಳಲಿ.

ಅದಾದ ಮೇಲೆ ಬಂದ ಅಮಾವಾಸ್ಯೆಗೆ ಭೀಮವ್ವ ಹೊರಟಳು, ನಾನೂ ಜೊತೆಗೆ ಹೋದೆ. ಕಾಲುವೆಯ ದಂಡೆಗೆ ಬಂದವಳು ನಿಂತುಬಿಟ್ಟಳು. ಬಾ ಅತ್ತಿ ಅಂದೆ. ಬರಲಿಲ್ಲ. ಜಾಲಿ, ಬೇವು, ಬಿಸಿಲು ಬಿದ್ದ ಸಪಾಟು ನೆಲ, ಎಲ್ಲವನ್ನೂ ಈ ತುದಿಯಿಂದ ಆ ತುದಿಗೆ ನೋಡಿದಳು.

“ಎಲ್ಲಿ ಕಾಲಿಟ್ಟರ ಅವನ ಎದಿ ಮ್ಯಾಲ ಬೀಳತೈತೋ, ಗಂಗೋತ್ರಿ,” ಅಂದಳು. “ನಾ ಇಲ್ಲೇ ಕುಂದರ್ತೀನಿ.”

ಕಾಲುವೆಯ ಈಚೆ, ಆ ದಿನ ತಳ್ಳುಗಾಡಿ ನೋಡುತ್ತ ನಿಂತಿದ್ದ ಕಡೆಯೇ ಕೂತಳು. ಮೇಕೆಯ ಸುದ್ದಿ ಹೇಳಲು ಬಾಯಿ ತೆರೆದಳು. ಯಾವ ಗಿಡದ ಕಡೆ ಮುಖ ಮಾಡಬೇಕೋ ತಿಳಿಯದೆ ಬಾಯಿ ಮುಚ್ಚಿದಳು. ಆಮೇಲೆ ಅವಳು ಕಾಲುವೆ ದಾಟಿಲ್ಲ.